ಮೊದಲ ಮನೆ

ಪರದೆಯ ಮೇಲಿದ್ದ ಮನೆ ತನ್ನದೇ ಎಂದು ಗುರುತಿಸಲು ಸುಗಂಧಿಗೆ ಎರಡು ನಿಮಿಷವಾದರೂ ಹಿಡಿಯಿತು. ಹುಟ್ಟಿ ಹದಿನೆಂಟು ವರ್ಷ ಬದುಕಿದ ಮನೆಯನ್ನು ಅವಳು ಎಂದೂ ಆಕಾಶದಿಂದ ನೋಡಿರಲಿಲ್ಲ. ಹಂಚಿನ ಮಾಡು, ಅದರ ಎಡಮೂಲೆಗೆ ಹೊದಿಸಿದ ನೀಲಿ ತಾಡಪಾಲು, ಅಂಗಳದ ತುದಿಯಲ್ಲಿ ಚಿಪ್ಪಿನ ಬಿಳಿ ರಾಶಿ, ನಾಲ್ಕೂ ಕಡೆಯಿಂದ ಬಂದು ಅಂಗಳಕ್ಕೆ ಸೇರುವ ಕಾಲುದಾರಿಗಳು. ತಾಡಪಾಲು ಹಾರಿಹೋಗದಂತೆ ಅದರ ಮೇಲೊಂದು ಹಳೇ ದೋಣಿಯ ಹುಟ್ಟು ಅಡ್ಡ ಬಿದ್ದಿತ್ತು. ಅದನ್ನು ಅಲ್ಲಿಗೆ ಎಸೆದವಳು ಅವಳೇ.

ಚಿತ್ರದ ಕೆಳಗೆ ಐದು ಸಾಲುಗಳಿದ್ದವು.

ಊರು: ಬಳಚಿನಕುರ್ವೆ. ಮೊದಲ ಮನೆ: ಬೀರಮ್ಮ ಅಂಬಿಗ. ವಸ್ತು: ತಂಪುಗೋಡೆ. ತಲುಪಿಸಿದ ಬಗೆ: ಅದೃಷ್ಟದ ಚೀಟಿ. ಫಲ: ಮೂವತ್ತೆಂಟು ಮನೆಗಳಲ್ಲಿ ಮೂವತ್ತನಾಲ್ಕು.

ಸುಗಂಧಿ ನಾಲ್ಕನೆಯ ಸಾಲನ್ನು ಮತ್ತೆ ಓದಿದಳು. ತಲುಪಿಸಿದ ಬಗೆ. ತನಗೆ ಗೊತ್ತಿದ್ದ ದಾಖಲೆಗಳಲ್ಲಿ ಅಂಥ ಸಾಲೇ ಇರಲಿಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ಕಿರಣಪುರದ ಜನಗತಿ ಕೇಂದ್ರದಲ್ಲಿ. ಬಯಲುಸೀಮೆಯ ಬೋಳು ನೆಲದ ಮೇಲೆ ಇಪ್ಪತ್ತು ವರ್ಷದ ಹಿಂದೆ ಎದ್ದ ಕಾರ್ಖಾನೆಗಳ ಊರು ಅದು. ತಂಪುಗೋಡೆಗಳು ತಯಾರಾಗುವುದು ಅಲ್ಲಿಯೇ. ಹಲಗೆಯಂಥ ಆ ವಸ್ತುವನ್ನು ಗೋಡೆಗೆ ಕೂರಿಸಿದರೆ ಸಾಕು. ಹೊರಗೆ ನಲವತ್ತಾರು ಡಿಗ್ರಿ ಸುಡುತ್ತಿದ್ದರೂ ಕೋಣೆ ಹೊಳೆದಂಡೆಯ ಬೆಳಗಿನ ಹಾಗೆ ಇರುತ್ತಿತ್ತು. ಕೂದಲೆಳೆಗಿಂತ ತೆಳ್ಳಗಿನ ಅರವತ್ತು ಪದರಗಳನ್ನು ಒಂದರ ಮೇಲೊಂದು ಅಂಟಿಸಬೇಕು. ಆ ಕೆಲಸಕ್ಕೆ ಯಂತ್ರದ ಕೈ ಎಷ್ಟು ಮಾಡಿದರೂ ಒಗ್ಗಲಿಲ್ಲ. ಮನುಷ್ಯರ ಬೆರಳೇ ಬೇಕಿತ್ತು, ಸಾವಿರಾರು ಬೆರಳು. ಯಾವ ಊರಿನಿಂದ ಯಾವಾಗ ಎಷ್ಟು ಜನ ಬರಬಹುದೆಂದು ಮೊದಲೇ ತಿಳಿದರೆ ಮನೆ, ನೀರು, ಶಾಲೆ ಸಿದ್ಧಪಡಿಸಬಹುದು, ಅದಕ್ಕಾಗಿ ಈ ಕೇಂದ್ರ ಎಂದು ಸೇರಿದ ದಿನ ಅವಳಿಗೆ ಹೇಳಿದ್ದರು.

ಕೇಂದ್ರದ ಗೋಡೆ ತುಂಬ ಒಂದು ನಕಾಶೆ. ಊರಿಗೊಂದು ಚುಕ್ಕಿ. ಚುಕ್ಕಿಗಳ ಬಣ್ಣ ಬದಲಾಯಿಸುತ್ತಿದ್ದ ಗಣಕಕ್ಕೆ ಸೆಳೆತ ಎಂದು ಹೆಸರು. ಯಾರ ಫೋನು ಯಾವ ಅಂಗಡಿಯ ಮುಂದೆ ಎಷ್ಟು ಹೊತ್ತು ನಿಂತಿತು, ಯಾವ ಮನೆಯವರು ಯಾವ ವಸ್ತುವಿನ ಚಿತ್ರವನ್ನು ಎಷ್ಟು ಸಲ ನೋಡಿದರು ಎಂಬುದನ್ನೆಲ್ಲ ಅದು ಕೂಡಿಸಿ ನೋಡುತ್ತಿತ್ತು. ಹಾಗೆ ನೋಡಿ ಅದು ಕಂಡುಕೊಂಡ ಸಂಗತಿ ಸರಳವಾದದ್ದು. ತೀರ ಹಸಿದವರು ಊರು ಬಿಡುವುದು ಕಡಿಮೆ, ಅವರಲ್ಲಿ ಬಸ್ಸಿನ ಖರ್ಚಿಗೂ ಇರುವುದಿಲ್ಲ. ಸಾಹುಕಾರರ ಮನೆಗೆ ಏನು ಬಂದರೂ ಜನ ಕಣ್ಣೆತ್ತಿ ನೋಡಿ ಸುಮ್ಮನಾಗುತ್ತಾರೆ. ತಮ್ಮಂಥವರ ಮನೆಗೆ, ಕೂಗಿ ಕರೆಯದೆ ಒಳಗೆ ಹೋಗಬಹುದಾದ ಮನೆಗೆ ಒಂದು ವಸ್ತು ಬಂದಾಗ ಮಾತ್ರ ಅವರೊಳಗೆ ಏನೋ ಅಲುಗುತ್ತದೆ. ಹದಿನಾಲ್ಕು ತಿಂಗಳೊಳಗೆ ಮೂರರಲ್ಲಿ ಒಂದು ಮನೆಗೆ ಬೀಗ ಬೀಳುತ್ತದೆ. ಅಂಥ ಮನೆಯನ್ನು ಕೇಂದ್ರದವರು ಮೊದಲ ಮನೆ ಎನ್ನುತ್ತಿದ್ದರು.

ಮೊದಲ ಮನೆ ಯಾವುದೆಂದು ಗಣಕಕ್ಕೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಸುಗಂಧಿಗೆ ಬರುತ್ತಿತ್ತು. ಆಕಾಶದಿಂದ ತೆಗೆದ ಚಿತ್ರ ಎದುರಿಟ್ಟರೆ ಸಾಕು, ಕಾಲುದಾರಿ ಎಲ್ಲಿ ಹೆಚ್ಚು ಸವೆದಿದೆ, ಯಾರ ಅಂಗಳದಲ್ಲಿ ಬೇರೆಯವರ ಬಟ್ಟೆ ಒಣಗುತ್ತಿದೆ, ಯಾವ ಜಗುಲಿಯಲ್ಲಿ ಮಧ್ಯಾಹ್ನ ಜನ ಕೂತಿದ್ದಾರೆ ಎಂದು ನೋಡಿ ಬೆರಳಿಟ್ಟು ತೋರಿಸುತ್ತಿದ್ದಳು. ಆರು ವರ್ಷದಲ್ಲಿ ನಲವತ್ತಮೂರು ಊರು. ಒಂದೂ ತಪ್ಪಿರಲಿಲ್ಲ. ಅಲ್ಲಿಗೆ ವಸ್ತು ತಾನಾಗಿ ಬರುತ್ತದೆ, ತಾವು ಬರೀ ಕಾದು ನೋಡುವವರು ಎಂದೇ ಅವಳು ತಿಳಿದಿದ್ದಳು.

ಆ ದಿನ ಬೆಳಿಗ್ಗೆ ಹಳೆಯ ದಾಖಲೆಗಳನ್ನು ಗಣಕಕ್ಕೆ ಕಲಿಸಲು ವಿಂಗಡಿಸಿ ಕೊಡಿ ಎಂದು ಅವಳಿಗೆ ಬೀಗ ಹಾಕಿಟ್ಟಿದ್ದ ಕಡತವನ್ನು ತೆರೆದುಕೊಟ್ಟಿದ್ದರು. ಬಳಚಿನಕುರ್ವೆಯ ಚಿತ್ರವನ್ನು ಹಾಗೇ ಬಿಟ್ಟು ಅವಳು ತಾನೇ ಆರಿಸಿದ ಊರುಗಳನ್ನು ಹುಡುಕಿದಳು. ಒಂದು ಊರಿಗೆ ಆಳೆತ್ತರದ ಕನ್ನಡಿಯಿದ್ದ ಬೀರು ಹೋಗಿತ್ತು. ಸಹಕಾರ ಸಂಘದ ಬಹುಮಾನ. ಇನ್ನೊಂದು ಊರಿಗೆ ಸ್ಕೂಟರು, ತಪ್ಪಿ ಬಂದ ಪಾರ್ಸಲು. ಮತ್ತೊಂದಕ್ಕೆ ಮಗುವಿನ ತೊಟ್ಟಿಲು, ತಾನಾಗಿ ತೂಗುವಂಥದ್ದು. ನಲವತ್ತಮೂರಕ್ಕೂ ತಲುಪಿಸಿದ ಬಗೆ ಬರೆದಿತ್ತು. ಅವಳ ಹೆಸರು ಪ್ರತಿಯೊಂದರ ಕೆಳಗೂ ಇತ್ತು.

ಎರಡೂ ಅಂಗೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಳು. ಆಮೇಲೆ ಎದ್ದು ಡಾಕ್ಟರ್ ಪ್ರಭಂಜನರ ಕೋಣೆಗೆ ಹೋದಳು.

ಕೇಂದ್ರದ ಮುಖ್ಯಸ್ಥರಾದ ಪ್ರಭಂಜನ ಒಳ್ಳೆಯವರೆಂದೇ ಹೆಸರಾದವರು. ಸಿಬ್ಬಂದಿಯ ಮಕ್ಕಳ ಹುಟ್ಟಿದ ದಿನ ನೆನಪಿಟ್ಟು ಕೇಳುವವರು. ಅವಳ ಮುಖ ನೋಡಿದೊಡನೆ ಕುರ್ಚಿ ತೋರಿಸಿ ನೀರು ಕೊಟ್ಟರು.

"ಕುರ್ವೆಯ ಕಡತ ನೋಡಿದಿರಿ ಅಂತ ಕಾಣುತ್ತೆ," ಎಂದರು.

"ನೀವೇ ಕಳಿಸಿದ್ದಾ ಸರ್? ನಮ್ಮನೆಗೆ?"

"ನಾನಲ್ಲ, ಆಗ ನನ್ನ ಜಾಗದಲ್ಲಿ ಬೇರೆಯವರಿದ್ದರು. ಆದರೆ ಹೌದು, ಕೇಂದ್ರದಿಂದಲೇ ಹೋದದ್ದು."

"ಅದನ್ನ ನೀವು ಇಷ್ಟು ಸಲೀಸಾಗಿ ಹೇಳ್ತೀರಿ!"

"ಸುಗಂಧಿ, ನಾವು ಯಾರನ್ನಾದರೂ ಹೊತ್ತುಕೊಂಡು ಬಂದಿದ್ದೀವಾ? ಹೆದರಿಸಿದ್ದೀವಾ? ಸುಳ್ಳು ಹೇಳಿದ್ದೀವಾ? ಒಂದು ಮನೆಗೆ ಒಂದು ಒಳ್ಳೇ ವಸ್ತು ಕೊಟ್ಟೆವು. ಮಿಕ್ಕಿದ್ದೆಲ್ಲ ಜನರೇ ತೀರ್ಮಾನ ಮಾಡಿದರು. ಬಂದವರಿಗೆ ಕೆಲಸ ಸಿಕ್ಕಿದೆ, ಮನೆ ಸಿಕ್ಕಿದೆ."

"ಚೀಟಿ ಅಂದದ್ದು ಸುಳ್ಳಲ್ವಾ?"

"ಅದೊಂದು ಸುಳ್ಳು," ಎಂದರು ಮೆತ್ತಗೆ. "ಇನ್ನೊಂದು ಮಾತು ನೀವೇ ಕಡತದಲ್ಲಿ ಓದೋದಕ್ಕಿಂತ ನಾನೇ ಹೇಳೋದು ಒಳ್ಳೇದು. ಇಲ್ಲಿ ಕೆಲಸಕ್ಕೆ ನಿಮಗಿಂತ ಹೆಚ್ಚು ಓದಿದವರು ಇನ್ನೂರು ಜನ ಅರ್ಜಿ ಹಾಕಿದ್ದರು. ನಿಮ್ಮನ್ನ ಆರಿಸಿದ್ದು ಆ ಕಡತ ನೋಡಿ. ಮೊದಲ ಮನೆ ಹೇಗಿರುತ್ತೆ ಅಂತ ಅದರೊಳಗೆ ಬೆಳೆದವರಿಗೆ ಗೊತ್ತಿರುತ್ತೆ ಅಂತ."

ಸುಗಂಧಿಗೆ ಲೋಟ ಕೆಳಗಿಡಲು ಮೇಜು ಎಲ್ಲಿದೆಯೆಂದು ಕಾಣಲಿಲ್ಲ. ಪ್ರಭಂಜನರೇ ಕೈಯಿಂದ ಅದನ್ನು ತೆಗೆದುಕೊಂಡು, "ಇವತ್ತು ಮನೆಗೆ ಹೋಗಿ," ಎಂದರು. ಬಾಗಿಲವರೆಗೂ ಬಂದು, "ಮುಂದಿನ ಊರು ಹುಣಸೀಹೊಂಡ, ಅಲ್ಲಿ ನೀವು ತೋರಿಸಿದ ಮನೆಯೇ ಗಟ್ಟಿ ತಾನೆ? ಗುರುವಾರ ಬಟ್ಟೆ ಒಗೆಯೋ ಮಷಿನ್ನು ಹೊರಡುತ್ತೆ," ಎಂದರು. ಕೇಳಬಾರದ ಹೊತ್ತಿನಲ್ಲಿ ಕೇಳಿದೆನೆಂದು ಅವರಿಗೇ ಅನ್ನಿಸಿರಬೇಕು. ತಲೆ ತಗ್ಗಿಸಿ ಒಳಗೆ ಹೋದರು.

ಕ್ವಾರ್ಟರ್ಸಿಗೆ ನಡೆದುಹೋಗುವಾಗ ದಾರಿಯುದ್ದಕ್ಕೂ ಅವಳಿಗೆ ಕುರ್ವೆಯ ಆ ಬೇಸಿಗೆ ನೆನಪಾಗುತ್ತಿತ್ತು. ಹೊಳೆ ಸಮುದ್ರ ಸೇರುವಲ್ಲಿ ನಡುನೀರಿನ ನೆಲ ಅವರ ಕುರ್ವೆ. ಇಳಿತದ ಹೊತ್ತಿಗೆ ಸೊಂಟದವರೆಗೆ ಕೆಸರಿಗಿಳಿದು ಬಳಚು ಹೆಕ್ಕುವುದು, ಚಿಪ್ಪು ಬಿಡಿಸಿ ಮಾಂಸ ಮಾರುವುದು ಹೆಂಗಸರ ಕೆಲಸ. ಗಂಡಸರದ್ದು ದೋಣಿ, ಬಲೆ. ಉಪ್ಪುನೀರು ಗದ್ದೆಗೆ ನುಗ್ಗದಂತೆ ಸುತ್ತ ಕಟ್ಟಿದ ಮಣ್ಣಿನ ಕಟ್ಟೆಯನ್ನು ವರ್ಷಕ್ಕೊಮ್ಮೆ ಎಲ್ಲ ಮನೆಯವರೂ ಕೂಡಿ ದುರಸ್ತಿ ಮಾಡುತ್ತಿದ್ದರು. ಆ ವರ್ಷ ಬೇಸಿಗೆಯಲ್ಲಿ ಸೆಕೆಗೆ ಮೂರು ಕೂಸುಗಳು ತೀರಿಕೊಂಡಿದ್ದವು. ಅದಾದ ಮೇಲೆ ಬಂದದ್ದು ತಂಪುಗೋಡೆ. ಅವಳ ತಾಯಿ ಬೀರಮ್ಮನ ಮನೆಯ ಬಾಗಿಲಿಗೆ ಅಗುಳಿಯೇ ಇರಲಿಲ್ಲ. ಮಧ್ಯಾಹ್ನವಾದರೆ ಇಡೀ ಕುರ್ವೆಯೇ ಅಲ್ಲಿ ಚಾಪೆ ಹಾಸುತ್ತಿತ್ತು. ಇಪ್ಪತ್ತೆರಡು ಜನ ಒಂದೇ ಕೋಣೆಯಲ್ಲಿ, ಗೋಡೆಗೆ ಬೆನ್ನು ತಾಗಿಸಲು ಸರದಿ. ಮೊದಲು ನಗು, ಆಮೇಲೆ ಸಣ್ಣ ಜಗಳ, ನಿನ್ನೆ ನೀನೇ ಮಲಗಿದ್ದೆ ಎನ್ನುವುದು. ಆಮೇಲೆ ಒಬ್ಬೊಬ್ಬರೇ ಬರುವುದು ಬಿಟ್ಟರು. ತಮ್ಮದೇ ಗೋಡೆ ಬೇಕೆನಿಸಿತು. ಕಿರಣಪುರದ ಕ್ವಾರ್ಟರ್ಸಿನಲ್ಲಿ ಪ್ರತಿ ಮನೆಗೂ ಒಂದಂತೆ ಎಂಬ ಸುದ್ದಿ ಬಂತು. ಎರಡು ವರ್ಷದಲ್ಲಿ ಕುರ್ವೆಯಲ್ಲಿ ಉಳಿದದ್ದು ನಾಲ್ಕು ಮನೆ. ಮೂರನೆಯ ಮಳೆಗಾಲದಲ್ಲಿ ಕಟ್ಟೆ ಒಡೆಯಿತು. ಮಣ್ಣು ಹೊರಲು ಆಳಿಲ್ಲದೆ ಬೀರಮ್ಮನ ತಮ್ಮ ದೇವು ಒಬ್ಬನೇ ಚೀಲ ಹೊತ್ತು ಇಳಿದವನು ನೀರಿನೊಡನೆ ಹೋದ. ಮೂರು ದಿನದ ಮೇಲೆ ಅಳಿವೆಯಲ್ಲಿ ಸಿಕ್ಕ. ಅದಾದ ಮೇಲೆ ತಾಯಿ ಮಗಳೂ ಕುರ್ವೆ ಬಿಟ್ಟು ಕಿರಣಪುರಕ್ಕೆ ಬಂದರು.

ಬೀರಮ್ಮ ಅಡುಗೆಮನೆಯ ನೆಲದಲ್ಲಿ ಕಾಲು ಚಾಚಿ ಕೂತು ಮೀನು ಸ್ವಚ್ಛ ಮಾಡುತ್ತಿದ್ದಳು. ಮಗಳು ಹೊತ್ತಿಗೆ ಮುಂಚೆ ಬಂದದ್ದು ನೋಡಿ, "ಎಂತಾಯ್ತೇ? ಜ್ವರ ಗಿರ ಬಂದದ್ಯ?" ಎಂದಳು.

ಸುಗಂಧಿ ನಿಂತಲ್ಲೇ ಎಲ್ಲ ಹೇಳಿದಳು. ಚಿತ್ರ, ಐದು ಸಾಲು, ನಲವತ್ತಮೂರು ಊರು, ಪ್ರಭಂಜನರ ಮಾತು. ತಾಯಿ ಎದೆ ಬಡಿದುಕೊಳ್ಳುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದಳು. ಬೀರಮ್ಮ ಕತ್ತಿಯನ್ನು ನೀರಿನಲ್ಲಿ ಅದ್ದಿ ಪಕ್ಕಕ್ಕಿಟ್ಟಳು.

"ಚೀಟಿ ನಾ ಹಾಕೇ ಇರ್ಲಿಲ್ಲ," ಎಂದಳು.

"ಎಂತದು?"

"ದೋಣಿಗಂಡಿ ಹತ್ರ ವ್ಯಾನು ಬಂದಾಗ ಎಲ್ಲರೂ ಚೀಟಿ ಬರದು ಡಬ್ಬಿಗೆ ಹಾಕಿದ್ರು. ನಾ ಬಳಚು ಮಾರೂಕೆ ಪ್ಯಾಟಿಗೆ ಹೋಗಿದ್ದೆ. ಎಂಟು ದಿನ ಬಿಟ್ಟು ಬೀರಮ್ಮಂಗೆ ಬಹುಮಾನ ಅಂದ್ರು. ತಪ್ಪಿ ಬಂದದೆ ಅಂತ ನಂಗೆ ಅವತ್ತೇ ಗೊತ್ತಿತ್ತು."

"ಮತ್ತೆ ಹೇಳೂಕಾಗ್ಲಿಲ್ವ ಅವ್ವಿ ನಿಂಗೆ?"

"ಎಂತಕ್ಕೆ ಹೇಳ್ಲಿ? ಹೇಳಿದ್ರೆ ತಕಂಡೋಗ್ತಿದ್ರು. ನಂಗೆ ಅದು ಬೇಕಾಗಿತ್ತು."

ಸುಗಂಧಿ ಬಾಗಿಲ ಚೌಕಟ್ಟಿಗೆ ಒರಗಿದಳು. ಬೀರಮ್ಮ ಮೀನಿನ ಕಡೆಗೇ ನೋಡುತ್ತಾ ಮಾತಾಡಿದಳು.

"ಗೋಡೆ ಅವರು ತಂದಿಟ್ರು, ಹೌದು. ಆಸೆ ಅವರು ತಂದಿಟ್ರ? ಅದು ನನ್ನದೇ ಆಗಿತ್ತು. ಆಚೆಮನೆ ಮಾದೇವಿಯ ಕೂಸು ಸೆಕೆಗೆ ಸತ್ತದ್ದು ನನ್ನ ತೊಡೆ ಮೇಲೆ. ಅಂಥ ಗೋಡೆ ಒಂದು ಬರ್ತದೆ ಅಂದ್ರೆ ನಾ ಸುಳ್ಳಾದ್ರೂ ಹೇಳ್ತಿದ್ದೆ, ಕದ್ದಾದ್ರೂ ತರ್ತಿದ್ದೆ."

"ದೇವುಮಾವ ಹೋದ್ನಲ್ಲ ಅವ್ವಿ."

ತಾಯಿ ಹೊರಕೋಣೆಯ ತಂಪುಗೋಡೆಯತ್ತ ಗದ್ದ ಎತ್ತಿ ತೋರಿಸಿದಳು.

"ನಾ ಅಡುಗೆಮನೆಯಲ್ಲಿ ಎಂತಕ್ಕೆ ಮಲಗ್ತೆ ಅಂತ ನೀ ಕೇಳಿದ್ಯ ಎಂದಾದ್ರೂ? ಮೊಣಕಾಲಿಗೆ ಥಂಡಿ ಆಗ್ತದೆ ಅಂದೆ, ನೀ ನಂಬಿದೆ. ಅವ ಹೋದ ಮೇಲೆ ನಾ ಅಂಥ ಗೋಡೆಗೆ ಬೆನ್ನು ತಾಗಿಸಲಿಲ್ಲ. ಹತ್ತು ವರ್ಷ ಆಯ್ತು."

ಒಂದೇ ಮನೆಯಲ್ಲಿದ್ದೂ ತನಗೆ ತಿಳಿಯಲಿಲ್ಲವಲ್ಲ ಎಂದು ಸುಗಂಧಿ ಬೆಚ್ಚಿದಳು. ಸಾವಿರ ಮೈಲಿ ಮೇಲಿನಿಂದ ಕಾಲುದಾರಿ ಎಣಿಸುವವಳಿಗೆ ಅಡುಗೆಮನೆಯ ಚಾಪೆ ಕಂಡಿರಲಿಲ್ಲ.

ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ಹುಣಸೀಹೊಂಡಕ್ಕೆ ಹೊರಟಳು. ಕೇಂದ್ರಕ್ಕೆ ಹೇಳಲಿಲ್ಲ. ಏನು ಮಾಡುತ್ತೇನೆಂಬುದು ಅವಳಿಗೆ ಸ್ಪಷ್ಟವಿತ್ತು. ಮಷಿನ್ನು ಬರುವ ಮುಂಚೆ ಆ ಮನೆಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು. ಅವರು ಬೇಡವೆಂದರೆ ಒಂದು ಊರಾದರೂ ಉಳಿಯಿತು.

ತುಂಗಭದ್ರೆಯ ಆಚೆಯ ಊರು ಅದು. ಬಸ್ಸಿಳಿದವಳಿಗೆ ದಾರಿ ಕೇಳಬೇಕಾಗಲಿಲ್ಲ. ಚಿತ್ರದಲ್ಲಿ ತಿಂಗಳುಗಟ್ಟಲೆ ನೋಡಿದ ಬೀದಿಗಳು. ಎಲ್ಲ ಕಾಲುದಾರಿಗಳೂ ಹೋಗಿ ಸೇರುತ್ತಿದ್ದ ಮಾಳಿಗೆ ಮನೆಯ ಮುಂದೆ ನಿಂತಳು. ಐವತ್ತರ ಹೆಂಗಸೊಬ್ಬಳು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಸಂಕವ್ವ. ಹೆಸರೂ ಗೊತ್ತಿತ್ತು.

"ಯಾರ್ ಬೇಕಾಗಿತ್ರಿ? ಬರ್ರಿ ಒಳಗ, ಬಿಸಲಾಗ ಯಾಕ ನಿಂತೀರಿ," ಎಂದಳು ಸಂಕವ್ವ. ಯಾರು ಎಂದು ತಿಳಿಯುವ ಮೊದಲೇ ಸೊಸೆಯನ್ನು ಕರೆದು ಮಜ್ಜಿಗೆ ತರಿಸಿದಳು. ಸೊಸೆಯ ಹೆಸರು ಕಲ್ಲವ್ವ. ಇಪ್ಪತ್ತು ಇಪ್ಪತ್ತೊಂದರ ಹುಡುಗಿ, ಮೊಣಕೈವರೆಗೂ ಸಾಬೂನಿನ ನೊರೆ.

ಸುಗಂಧಿ ಹೇಳತೊಡಗಿದಳು. ನಾಳೆ ಒಂದು ಮಷಿನ್ನು ಬರುತ್ತದೆ, ಬಹುಮಾನ ಎನ್ನುತ್ತಾರೆ, ಅದು ಬಹುಮಾನವಲ್ಲ ಎಂದಳು. ನಿಮ್ಮ ಮನೆಗೆ ಎಲ್ಲರೂ ಬಂದುಹೋಗುತ್ತಾರೆ, ಅದಕ್ಕೇ ಇಲ್ಲಿ ಇಡುತ್ತಾರೆ, ನಿಮ್ಮ ಮನೆ ತೋರಿಸಿದವಳು ನಾನೇ ಎಂದಳು. ತನ್ನ ಕುರ್ವೆಯ ಕಥೆ ಹೇಳಿದಳು. ಕಟ್ಟೆ ಒಡೆದದ್ದು ಹೇಳಿದಳು. ದೇವುಮಾವನ ಹೆಸರು ಹೇಳುವಾಗ ಸಂಕವ್ವ ಅವಳ ಬೆನ್ನು ಸವರಿದಳು.

"ತಡೀರಿ," ಎಂದಳು ಆಮೇಲೆ. "ಇದು ನಾ ಒಬ್ಬಾಕಿ ಕೇಳೂ ಮಾತಲ್ಲ."

ಹತ್ತು ನಿಮಿಷದಲ್ಲಿ ಕಟ್ಟೆ ತುಂಬ ಹೆಂಗಸರು. ಸುಗಂಧಿ ಮತ್ತೆ ಮೊದಲಿಂದ ಹೇಳಿದಳು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಅರ್ಥವಾಯಿತು ಎಂದು ಅವಳಿಗೆ ಸಮಾಧಾನವಾಯಿತು.

"ನಮ್ಮನ್ನ ಮ್ಯಾಲಿಂದ ನೋಡತಾರ?" ಎಂದಳು ಒಬ್ಬಳು. "ಥೂ, ಅವರ ಕಣ್ಣಿಗಿಷ್ಟು ಮಣ್ಣ ಹಾಕ."

"ಇದು ಮೋಸ ಐತಿ," ಎಂದಳು ಸಂಕವ್ವ. "ಖರೇನ ಮೋಸ. ನಾ ಅದನ್ನ ಮನಿಯೊಳಗ ತಗೊಳ್ಳಂಗಿಲ್ಲ. ಗಾಡಿ ಬಂದ್ರ ತಿರುಗಿ ಕಳಿಸ್ತೀನಿ."

ಸುಗಂಧಿಯ ಕಣ್ಣು ತುಂಬಿ ಬಂತು. ಆ ಕ್ಷಣದಲ್ಲೇ ಪಕ್ಕದಲ್ಲಿ ಕೂತಿದ್ದ ಕಲ್ಲವ್ವ ಅವಳ ಬಲಗೈಯನ್ನು ಮೆಲ್ಲಗೆ ಎತ್ತಿಕೊಂಡು ಅಂಗೈ ತಿರುವಿ ನೋಡಿದಳು.

"ಅಕ್ಕಾರ, ನೀವೂ ಕೆಸರಾಗ ಕೆಲಸಾ ಮಾಡಾಕಿ ಇದ್ರಿ ಅಂದ್ರಲ್ಲ."

"ಹೌದು. ಹದಿನೆಂಟು ವರ್ಷದವರೆಗೆ."

"ಕೈ ಇಷ್ಟು ಮೆತ್ತಗ ಅದಾವಲ್ರಿ."

ಇನ್ನೊಬ್ಬಳು ಮುಟ್ಟಿ ನೋಡಿದಳು. ಮತ್ತೊಬ್ಬಳು. ಕೈಯಿಂದ ಕೈಗೆ ಅವಳ ಅಂಗೈ ದಾಟಿತು. ಅಲ್ಲಿ ಮನೆಗೆ ನೀರು ಒಳಗೇ ಬರುತ್ತೇನು? ಬೇರೆಯವರ ಬಟ್ಟೆ ನೀವೇ ಒಗೆಯಬೇಕೇನು? ನಿಮ್ಮವ್ವನನ್ನೂ ಸಂಗಡ ಇಟ್ಟುಕೊಂಡೀರಿ? ಕೇಳುವವರ ದನಿಯಲ್ಲಿ ಹಗುರವಿರಲಿಲ್ಲ. ವೈದ್ಯರ ಹತ್ತಿರ ಕೇಳುವಂತೆ ಕೇಳುತ್ತಿದ್ದರು. ಸುಗಂಧಿ ಸುಳ್ಳು ಹೇಳಲಾರದೆ ಹೌದು, ಹೌದು ಎನ್ನುತ್ತಾ ಹೋದಳು. ಕೆಟ್ಟದ್ದನ್ನೂ ಹೇಳಿದಳು. ಪದರ ಅಂಟಿಸಿ ಅಂಟಿಸಿ ಐದು ವರ್ಷಕ್ಕೆ ಕಣ್ಣು ಮಂಜಾಗುತ್ತದೆ, ಪಕ್ಕದ ಮನೆಯವರ ಹೆಸರು ಗೊತ್ತಿರುವುದಿಲ್ಲ ಎಂದಳು. ಅದನ್ನೂ ಅವರು ತಲೆದೂಗಿ ಕೇಳಿದರು.

"ಇಲ್ಲಿ ಒಂಬತ್ತು ಮಂದಿ ಬಟ್ಟಿ ಒಗೀತೀನ್ರಿ ದಿನಾ," ಎಂದಳು ಕಲ್ಲವ್ವ. ಯಾರ ಮೇಲೂ ದೂರಿಲ್ಲದ, ಬರೀ ಲೆಕ್ಕ ಒಪ್ಪಿಸುವ ದನಿ. ಅತ್ತೆಯ ಕಡೆ ನೋಡಲಿಲ್ಲ. ಸಂಕವ್ವ ಜೋಳದ ಮೊರ ಎತ್ತಿಕೊಂಡು ಒಳಗೆ ಹೋದಳು.

ಮೂರು ಗಂಟೆಯ ಬಸ್ಸಿಗೆ ಸುಗಂಧಿ ಹತ್ತಿದಳು. ಬಿಸಿಲಿಗೋ ಏನೋ ಕಿವಿ ಗುಂಯ್ಯೆನ್ನುತ್ತಿತ್ತು. ಊರ ಗಡಿ ದಾಟುವಷ್ಟರಲ್ಲಿ ಫೋನು ಬಡಿಯಿತು. ಪ್ರಭಂಜನ.

"ಸುಗಂಧಿ, ಎಲ್ಲಿದ್ದೀರಿ?"

"ಹುಣಸೀಹೊಂಡ, ಸರ್. ನಾನೇ ಬಂದು ಎಲ್ಲಾ ಹೇಳಿದೆ. ಕೆಲಸದಿಂದ ತೆಗೀರಿ, ಪೊಲೀಸರಿಗೆ ಕೊಡಿ, ಏನಾದರೂ ಮಾಡಿ. ಅವರು ಮಷಿನ್ನು ಬೇಡ ಅಂದಿದ್ದಾರೆ."

ಅವರು ಸಿಟ್ಟಾಗುತ್ತಾರೆಂದು ಅವಳು ಕಾದಳು. ಆದರೆ ಬಂದ ದನಿಯಲ್ಲಿ ಸಿಟ್ಟಿರಲಿಲ್ಲ, ದಿಗಿಲಿತ್ತು.

"ಮಷಿನ್ನು ಇನ್ನೂ ಗೋದಾಮಿನಲ್ಲೇ ಇದೆ. ಗಾಡಿಗೆ ಏರಿಸಿಯೇ ಇಲ್ಲ. ಮಧ್ಯಾಹ್ನ ಒಂದು ಗಂಟೆಯಿಂದ ಆ ಊರಿನ ಹತ್ತೊಂಬತ್ತು ಮನೆಯ ಫೋನುಗಳು ಕಿರಣಪುರದ ಬಸ್ಸು, ಕೆಲಸ, ಕ್ವಾರ್ಟರ್ಸು ಹುಡುಕುತ್ತಿವೆ. ಹದಿನಾಲ್ಕು ತಿಂಗಳಲ್ಲಿ ಆಗೋದು ಎರಡು ಗಂಟೆಯಲ್ಲಿ ಆಗಿದೆ. ಇಂಥದ್ದು ನಾನು ನೋಡೇ ಇಲ್ಲ. ಸುಗಂಧಿ, ನೀವು ಅಲ್ಲಿಗೆ ಏನು ತಗೊಂಡು ಹೋಗಿದ್ದಿರಿ?"

ಹಿಂದಿನ ಸೀಟಿನಿಂದ ಯಾರೋ ಅವಳ ಭುಜ ಮುಟ್ಟಿದರು. ತಿರುಗಿ ನೋಡಿದಳು. ಮಡಿಲಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು ಕಲ್ಲವ್ವ ಕೂತಿದ್ದಳು. ಪಕ್ಕದಲ್ಲಿ ಕಟ್ಟೆಯ ಮೇಲಿದ್ದ ಇನ್ನಿಬ್ಬರು. ಅತ್ತು ಕೆಂಪಾದ ಕಣ್ಣುಗಳು. ಮುಖದಲ್ಲಿ ಮಾತ್ರ ಸಾವಕಾಶವಾಗಿ ಅರಳುತ್ತಿದ್ದ ಒಂದು ಧೈರ್ಯ.

"ಅಕ್ಕಾರ," ಎಂದಳು ಕಲ್ಲವ್ವ, ಬಸ್ಸಿನ ಸದ್ದಿಗೆ ಮುಂದೆ ಬಾಗಿ, "ನೀವು ಕೈಗೆ ಯಾವ ಸಾಬೂನ್ ಹಚ್ಚತೀರಿ?"